‘ಮನೆ ಆಗಲೇ ಹೋಯಿತು’ ಎಂದ ಸುಳ್ಳಿಗೆ ನಾನು ತೆತ್ತ ಬೆಲೆ

ಕಳೆದ ತಿಂಗಳು ಪರಿಚಯದ ಹುಡುಗನೊಬ್ಬ ಫೋನ್ ಮಾಡಿದ್ದ. ಅಮೆರಿಕಕ್ಕೆ ಬಂದು ಒಂಬತ್ತು ವರ್ಷ, ಮೊದಲ ಮನೆ ಕೊಂಡು ನಾಲ್ಕು ವರ್ಷ. ಈಗ ದೊಡ್ಡ ಮನೆಗೆ ಹೋಗುತ್ತಿದ್ದಾನೆ. ಹಳೆಯ ಟೌನ್‌ಹೌಸನ್ನು ಮಾರದೆ ಬಾಡಿಗೆಗೆ ಕೊಡುವ ಯೋಚನೆ. ‘ಜಾಹೀರಾತು ಬರೆದಿದ್ದೇನೆ ಸರ್, ಒಮ್ಮೆ ಕಣ್ಣಾಡಿಸಿ’ ಎಂದು ಕಳಿಸಿದ. ಮೂರು ಮಲಗುವ ಕೋಣೆ, ರೈಲು ನಿಲ್ದಾಣಕ್ಕೆ ಹತ್ತು ನಿಮಿಷ, ಹೊಸ ಫ್ರಿಜ್, ಎಲ್ಲ ಸರಿಯಾಗಿತ್ತು. ಕೊನೆಯ ಸಾಲು ಮಾತ್ರ ಹೀಗಿತ್ತು: ‘ಭಾರತೀಯ ಸಸ್ಯಾಹಾರಿ ಕುಟುಂಬಕ್ಕೆ ಆದ್ಯತೆ.’

‘ಈ ಸಾಲನ್ನು ಈಗಲೇ ಅಳಿಸು’ ಎಂದೆ.

‘ಯಾಕೆ ಸರ್? ನನ್ನ ಮನೆ, ನನ್ನ ಇಷ್ಟ ಅಲ್ಲವೇ?’

ಅಲ್ಲ. ಯಾಕೆ ಅಲ್ಲ ಎಂದು ವಿವರಿಸಲು ಮುಕ್ಕಾಲು ಗಂಟೆ ಹಿಡಿಯಿತು. ಹೀಗೆ ವಿವರಿಸುತ್ತಿರುವುದು ಇದು ನಾಲ್ಕನೆಯ ಸಲ, ಅದಕ್ಕೇ ಬರೆದಿಡುತ್ತಿದ್ದೇನೆ. ವೀಸಾ, ತೆರಿಗೆ, ಕ್ರೆಡಿಟ್ ಸ್ಕೋರ್ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ. ಜನಾಂಗದ ಹೆಸರಿನಲ್ಲಿ ಭೇದ ಮಾಡುವುದು ತಪ್ಪು ಎಂದು ನಿಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ತಪ್ಪೆಂದು ಮನಸಾರೆ ಒಪ್ಪಿಕೊಂಡಿರುವ ಮನುಷ್ಯನೇ ಅದನ್ನು ಹೇಗೆ ಮಾಡುತ್ತಾನೆ, ಮಾಡಿದ್ದು ಅವನಿಗೇ ಹೇಗೆ ಗೊತ್ತಾಗುವುದಿಲ್ಲ ಎಂಬುದಷ್ಟೇ ನನ್ನ ವಿಷಯ. ನನಗೆ ಅದು ಗೊತ್ತಾಗಿದ್ದು 11,300 ಡಾಲರ್ ಕೊಟ್ಟ ಮೇಲೆ.

2014ರ ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ. ನಾನೂ ಆ ಹುಡುಗನ ಹಾಗೆಯೇ ನ್ಯೂಜೆರ್ಸಿಯ ನಮ್ಮ ಹಳೆಯ ಮನೆಗೆ ಬಾಡಿಗೆದಾರರನ್ನು ಹುಡುಕುತ್ತಿದ್ದೆ. ಜಾಹೀರಾತಿನಲ್ಲಿ ಭಾರತೀಯರು, ಸಸ್ಯಾಹಾರಿಗಳು ಎಂದೆಲ್ಲ ಬರೆದಿರಲಿಲ್ಲ, ಅಷ್ಟು ತಿಳಿವಳಿಕೆ ಇತ್ತು. ದೋಸೆ ಕಾವಲಿಯ ಮುಂದೆ ನಿಂತಿದ್ದೆ, ಒಂದು ಕೈಯಲ್ಲಿ ಸಟ್ಟುಗ. ಫೋನ್ ಬಂತು. ಗಂಡಸಿನ ಧ್ವನಿ, ತುಂಬ ಮರ್ಯಾದೆಯ ಮಾತು. ಆಸ್ಪತ್ರೆಯಲ್ಲಿ ಕೆಲಸ, ಹೆಂಡತಿ ಶಿಕ್ಷಕಿ, ಒಂದು ಮಗು, ಜುಲೈ ಒಂದರಿಂದ ಮನೆ ಬೇಕು. ಮಾತಿನ ಧಾಟಿಯಿಂದ ಅವರು ಕಪ್ಪು ಜನಾಂಗದವರು ಎಂದು ಮೊದಲ ವಾಕ್ಯಕ್ಕೇ ನನಗೆ ಗೊತ್ತಾಯಿತು. ಗೊತ್ತಾಯಿತು ಎಂದರೆ, ಹಾಗೆಂದು ನಾನು ತೀರ್ಮಾನ ಮಾಡಿದೆ. ಬಾಯಿ ತಾನಾಗಿ ಹೇಳಿತು: ‘ಕ್ಷಮಿಸಿ, ಮನೆ ಆಗಲೇ ಹೋಯಿತು.’ ಅವರು ಥ್ಯಾಂಕ್ಸ್ ಹೇಳಿ ಇಟ್ಟರು. ನಾನು ದೋಸೆ ಮಗುಚಿದೆ. ಅದು ಸೀದಿರಲಿಲ್ಲ, ಅಷ್ಟು ಬೇಗ ಮುಗಿದಿತ್ತು ಮಾತು.

ನಲವತ್ತು ನಿಮಿಷದ ನಂತರ ಇನ್ನೊಂದು ಕರೆ, ಹೆಂಗಸಿನ ಧ್ವನಿ. ಬಿಳಿಯರು ಎಂದುಕೊಂಡೆ. ‘ಮನೆ ಇದೆ, ನಾಳೆ ಮಧ್ಯಾಹ್ನ ಬಂದು ನೋಡಿ’ ಎಂದೆ. ಅವರು ಬರಲಿಲ್ಲ. ಯಾಕೆ ಬರಲಿಲ್ಲ ಎಂದು ನಾನೂ ಕೇಳಲಿಲ್ಲ. ಮುಂದಿನ ವಾರ ನಮ್ಮವರೇ ಒಬ್ಬರು ಬಂದರು, ಮನೆ ಹೋಯಿತು, ನಾನು ಮರೆತೆ.

ಮೂರು ತಿಂಗಳ ಮೇಲೆ ಸಹಿ ಹಾಕಿ ಪಡೆಯಬೇಕಾದ ಒಂದು ಲಕೋಟೆ ಬಂತು. ಎರಡೂ ಕರೆಗಳ ದಿನಾಂಕ, ಗಂಟೆ, ನಿಮಿಷ, ನಾನು ಆಡಿದ ಮಾತು ಎಲ್ಲವೂ ಅದರಲ್ಲಿದ್ದವು. ಎರಡನ್ನೂ ಮಾಡಿದವರು ಒಂದೇ ಸಂಸ್ಥೆಯವರು.

ಇವರನ್ನು ಇಲ್ಲಿ ‘ಟೆಸ್ಟರ್’ ಎನ್ನುತ್ತಾರೆ. ಹೊಸಬರಿಗೆ ಈ ಪದವೇ ಗೊತ್ತಿರುವುದಿಲ್ಲ. ವಸತಿ ತಾರತಮ್ಯದ ವಿರುದ್ಧ ಕೆಲಸ ಮಾಡುವ ಸಂಸ್ಥೆಗಳು ಒಂದೇ ರೀತಿಯ ಆದಾಯ, ಒಂದೇ ರೀತಿಯ ಕುಟುಂಬ ಇರುವಂತೆ ಹೇಳಿಕೊಳ್ಳುವ ಇಬ್ಬರನ್ನು ಕಳಿಸುತ್ತವೆ. ವ್ಯತ್ಯಾಸ ಇರುವುದು ಜನಾಂಗದಲ್ಲಿ ಮಾತ್ರ. ಇಬ್ಬರಿಗೂ ಒಂದೇ ಉತ್ತರ ಸಿಕ್ಕರೆ ಸರಿ, ಇಲ್ಲವಾದರೆ ದೂರು. ‘ಮನೆ ಬೇಕಿಲ್ಲದವರು ಮನೆ ಕೇಳಿದ್ದು ಮೋಸವಲ್ಲವೇ’ ಎಂದು ನಾನು ವಕೀಲರ ಮುಂದೆ ಕೂಗಾಡಿದೆ. ಅವರು ಸಮಾಧಾನದಿಂದ 1982ರ ಸುಪ್ರೀಂ ಕೋರ್ಟ್ ತೀರ್ಪೊಂದರ ಕಥೆ ಹೇಳಿದರು. ವರ್ಜೀನಿಯಾದ ರಿಚ್ಮಂಡ್ ಬಳಿ ಒಂದು ಕಂಪನಿ ಕಪ್ಪು ಮಹಿಳೆಗೆ ಮನೆ ಖಾಲಿ ಇಲ್ಲ ಎಂದಿತ್ತು, ಬಿಳಿಯರಿಗೆ ಇದೆ ಎಂದಿತ್ತು. ಆಕೆಯೂ ಟೆಸ್ಟರೇ. ಮನೆ ಬೇಕಿತ್ತೋ ಇಲ್ಲವೋ ಅದು ಮುಖ್ಯವಲ್ಲ, ಖಾಲಿ ಇರುವ ಮನೆಯನ್ನು ಜನಾಂಗದ ಕಾರಣಕ್ಕೆ ಖಾಲಿ ಇಲ್ಲ ಎಂದು ಹೇಳುವುದೇ ಕಾನೂನುಬಾಹಿರ, ಸುಳ್ಳು ಕೇಳಿಸಿಕೊಂಡವರಿಗೆ ದಾವೆ ಹೂಡುವ ಹಕ್ಕಿದೆ ಎಂದಿತು ನ್ಯಾಯಾಲಯ. ನನ್ನ ದೋಸೆಯ ಬೆಳಗು ಆ ಪ್ರಕರಣದ ನಕಲು ಪ್ರತಿಯಂತಿತ್ತು.

ಕಾನೂನು ಏನೆಂದು ಸ್ವಲ್ಪ ಹೇಳುತ್ತೇನೆ. ಬೇಸರಪಡದೆ ಓದಿ, ಹಣ ಇರುವುದು ಇಲ್ಲೇ. ‘ಫೇರ್ ಹೌಸಿಂಗ್ ಆ್ಯಕ್ಟ್’ ಎಂಬ ಒಕ್ಕೂಟ ಕಾಯ್ದೆ 1968ರ ಏಪ್ರಿಲ್ 11ರಂದು ಜಾರಿಗೆ ಬಂತು. ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಮೆಂಫಿಸ್‌ನಲ್ಲಿ ಗುಂಡಿಟ್ಟು ಕೊಂದು ಸರಿಯಾಗಿ ಒಂದು ವಾರ ಆಗಿತ್ತು. ಜನಾಂಗ, ಬಣ್ಣ, ಧರ್ಮ, ಮೂಲ ದೇಶ ಇವುಗಳ ಆಧಾರದಲ್ಲಿ ಮನೆ ನಿರಾಕರಿಸುವಂತಿಲ್ಲ. 1974ರಲ್ಲಿ ಲಿಂಗ ಸೇರಿತು, 1988ರಲ್ಲಿ ಅಂಗವೈಕಲ್ಯ ಮತ್ತು ಮಕ್ಕಳಿರುವ ಕುಟುಂಬ ಸೇರಿದವು. ‘ಭಾರತೀಯರಿಗೆ ಆದ್ಯತೆ’ ಎಂದರೆ ನಮ್ಮ ಕಿವಿಗೆ ಅದು ಊರಿನವರ ಮೇಲಿನ ಪ್ರೀತಿಯಂತೆ ಕೇಳಿಸುತ್ತದೆ. ಕಾಯ್ದೆಯ ಕಿವಿಗೆ ಅದು ‘ಉಳಿದ ದೇಶದವರಿಗೆ ಬೇಡ’ ಎಂದು ಕೇಳಿಸುತ್ತದೆ. ‘ಸಸ್ಯಾಹಾರಿ’ ಎಂಬುದು ಆ ಪಟ್ಟಿಯಲ್ಲಿ ಇಲ್ಲ, ನಿಜ. ಆದರೆ ಅದು ಯಾವುದಕ್ಕೆ ಹೊದಿಸಿದ ಮುಸುಕು ಎಂದು ಕೇಳುವ ಅಧಿಕಾರಿ ಇಲ್ಲಿ ಇದ್ದಾನೆ.

ಈಗ ಎಲ್ಲರೂ ಬೀಳುವ ಗುಂಡಿ. ‘ಸಣ್ಣ ಮಾಲೀಕರಿಗೆ ವಿನಾಯಿತಿ ಇದೆಯಂತೆ’ ಎಂದು ಯಾರೋ ಒಬ್ಬರು ನಿಮಗೆ ಹೇಳುತ್ತಾರೆ. ನನಗೂ ಹೇಳಿದ್ದರು. ಅರ್ಧ ಸತ್ಯ ಅದು. ಮಾಲೀಕ ತಾನೂ ವಾಸವಿರುವ, ನಾಲ್ಕು ಮನೆಗಳವರೆಗಿನ ಕಟ್ಟಡಕ್ಕೆ, ಹಾಗೆಯೇ ಮೂರಕ್ಕಿಂತ ಹೆಚ್ಚು ಒಂಟಿ ಮನೆಗಳಿಲ್ಲದ ಮಾಲೀಕ ದಲ್ಲಾಳಿ ಇಲ್ಲದೆ ಬಾಡಿಗೆಗೆ ಕೊಡುವ ಮನೆಗೆ ಆ ಕಾಯ್ದೆಯಲ್ಲಿ ವಿನಾಯಿತಿ ಉಂಟು. ಆದರೆ ಜಾಹೀರಾತಿಗೆ ಆ ವಿನಾಯಿತಿ ಇಲ್ಲ. ಬರೆದಿರೋ, ಸಿಕ್ಕಿಬಿದ್ದಿರಿ. ಎರಡನೆಯದಾಗಿ, ಅನೇಕ ರಾಜ್ಯಗಳ ಕಾನೂನು ಒಕ್ಕೂಟದ ಕಾನೂನಿಗಿಂತ ಬಿಗಿ, ನ್ಯೂಜೆರ್ಸಿಯದ್ದೂ ಹಾಗೆಯೇ. ಮೂರನೆಯದು ನನ್ನ ವಕೀಲರು ಕೊನೆಗೆ ಹೇಳಿದ್ದು. ಗುಲಾಮಗಿರಿ ರದ್ದಾದ ಮರುವರ್ಷ, 1866ರಲ್ಲಿ, ಮಾಡಿದ ನಾಗರಿಕ ಹಕ್ಕುಗಳ ಕಾಯ್ದೆಯೊಂದಿದೆ. ನೂರು ವರ್ಷ ಅದು ಹೆಚ್ಚುಕಡಿಮೆ ನಿದ್ದೆ ಮಾಡುತ್ತಿತ್ತು. 1968ರಲ್ಲೇ ಸುಪ್ರೀಂ ಕೋರ್ಟ್ ಅದನ್ನು ಎಬ್ಬಿಸಿ, ಖಾಸಗಿ ವ್ಯಕ್ತಿಗಳ ಮನೆ ವ್ಯವಹಾರಕ್ಕೂ ಅದು ಅನ್ವಯ ಎಂದಿತು. ಜನಾಂಗದ ವಿಷಯದಲ್ಲಿ ಆ ಕಾಯ್ದೆಗೆ ಸಣ್ಣ ಮಾಲೀಕ, ದೊಡ್ಡ ಮಾಲೀಕ ಎಂಬ ವಿನಾಯಿತಿಯೇ ಇಲ್ಲ.

ಒಂದೇ ಮನೆಯಲ್ಲಿ ಅಡುಗೆಮನೆ, ಸ್ನಾನದ ಮನೆ ಹಂಚಿಕೊಂಡು ಬಾಳುವ ರೂಮ್‌ಮೇಟ್ ಹುಡುಕುವುದು ಬೇರೆ ಮಾತು. ಪಶ್ಚಿಮದ ರಾಜ್ಯಗಳಿಗೆ ಸೇರಿದ ಒಕ್ಕೂಟ ಮೇಲ್ಮನವಿ ನ್ಯಾಯಾಲಯ 2012ರಲ್ಲಿ, ಅಂಥ ಆಯ್ಕೆಗೆ ಈ ಕಾಯ್ದೆ ಕೈ ಹಾಕುವುದಿಲ್ಲ ಎಂದಿದೆ. ಹಾಗಿದ್ದರೂ ಜನಾಂಗ, ದೇಶ, ಧರ್ಮ ಬರೆಯಬೇಡಿ. ಬೇರೆ ಬಾಗಿಲು, ಬೇರೆ ಅಡುಗೆಮನೆ ಇರುವ ನೆಲಮಾಳಿಗೆಯನ್ನು ಬಾಡಿಗೆಗೆ ಕೊಟ್ಟು ‘ಅವರು ನನ್ನ ರೂಮ್‌ಮೇಟ್’ ಎನ್ನುವ ಜಾಣತನವನ್ನಂತೂ ಮಾಡಲೇಬೇಡಿ.

ದೂರು ಕೊಡಲು ಒಕ್ಕೂಟದ ವಸತಿ ಇಲಾಖೆಯಲ್ಲಿ ಒಂದು ವರ್ಷ, ನ್ಯಾಯಾಲಯದಲ್ಲಿ ಎರಡು ವರ್ಷ ಕಾಲಾವಕಾಶ ಇದೆ. ನೀವು ಮರೆತ ಮೇಲೆ ಲಕೋಟೆ ಬರುತ್ತದೆ ಎಂದರ್ಥ. ಇಲಾಖೆಯ ವಿಚಾರಣೆಯಲ್ಲಿ ಸೋತರೆ ಮೊದಲ ತಪ್ಪಿಗೇ ದಂಡ 20,000 ಡಾಲರ್ ದಾಟಬಹುದು, ಪರಿಹಾರ ಮತ್ತು ಎದುರು ಕಡೆಯ ವಕೀಲರ ಶುಲ್ಕ ಬೇರೆ. ನಾನು ರಾಜಿ ಮಾಡಿಕೊಂಡೆ. ರಾಜಿಗೆ 7,500, ವಕೀಲರಿಗೆ 3,800, ಜೊತೆಗೆ ನಾಲ್ಕು ಗಂಟೆಯ ಕಡ್ಡಾಯ ತರಬೇತಿ, ಮೂರು ವರ್ಷ ಪ್ರತಿ ಕರೆಯ ದಾಖಲೆ ಇಡುವ ಷರತ್ತು. ಮನೆಯ ವಿಮೆ ಇದಕ್ಕೆ ಬರುವುದಿಲ್ಲ ಎಂದು ವಿಮೆಯವರು ಎರಡೇ ಸಾಲಿನಲ್ಲಿ ಬರೆದರು.

‘ನನಗೆ ಯಾರ ಮೇಲೂ ದ್ವೇಷ ಇಲ್ಲ’ ಎಂದು ವಕೀಲರಿಗೆ ಹತ್ತು ಸಲ ಹೇಳಿರಬೇಕು. ಹನ್ನೊಂದನೆಯ ಸಲಕ್ಕೆ ಅವರು ಪೆನ್ನು ಕೆಳಗಿಟ್ಟರು. ‘ದ್ವೇಷ ಇತ್ತೇ ಎಂದು ಯಾರೂ ಕೇಳುತ್ತಿಲ್ಲ. ಮೊದಲ ಕರೆಗೆ ಒಂದು ಉತ್ತರ, ಎರಡನೆಯದಕ್ಕೆ ಇನ್ನೊಂದು ಯಾಕೆ ಕೊಟ್ಟಿರಿ ಎಂದಷ್ಟೇ ಪ್ರಶ್ನೆ. ಅದಕ್ಕೆ ಉತ್ತರ ಇದೆಯೇ?’

ಇರಲಿಲ್ಲ. ಆ ರಾತ್ರಿ ಹೆಂಡತಿ ಕೇಳಿದಳು, ‘ಈ ಹದಿನಾಲ್ಕು ವರ್ಷದಲ್ಲಿ ನಮಗೆ ಯಾರಾದರೂ ಕಪ್ಪು ಜನ ಏನಾದರೂ ತೊಂದರೆ ಮಾಡಿದ್ದಾರೆಯೇ?’ ಎಷ್ಟು ತಡಕಾಡಿದರೂ ಒಬ್ಬರೂ ಸಿಗಲಿಲ್ಲ. ಮಗಳು ಹುಟ್ಟಿದಾಗ ರಾತ್ರಿಯಿಡೀ ಪಕ್ಕದಲ್ಲಿ ಕುಳಿತಿದ್ದ ನರ್ಸ್, ಹಿಮದಲ್ಲಿ ಕಾರು ಹೂತಾಗ ತಳ್ಳಿದವರು, ಹೀಗೆ ನೆನಪಾದವರೆಲ್ಲ ಉಲ್ಟಾ ಕಡೆಯವರೇ.

ಹಾಗಾದರೆ ಆ ಅರ್ಧ ಕ್ಷಣದ ಸುಳ್ಳು ಎಲ್ಲಿಂದ ಬಂತು? ಒಂದು ಮೂಲ ಗೊತ್ತಿದೆ. ನಾನು ಬಂದಿಳಿದ ದಿನ ವಿಮಾನ ನಿಲ್ದಾಣದಿಂದ ಕರೆತಂದ ಹಿರಿಯರು ದಾರಿಯಲ್ಲಿ ಒಂದು ಬಡಾವಣೆ ತೋರಿಸಿ, ‘ಈ ಕಡೆ ಬರಬೇಡಪ್ಪ, ಏರಿಯಾ ಸರಿಯಿಲ್ಲ’ ಎಂದಿದ್ದರು. ನಾನೂ ಆಮೇಲೆ ಹತ್ತಾರು ಹೊಸಬರಿಗೆ ಅದೇ ಜಾಗದಲ್ಲಿ ಅದೇ ಮಾತು ಹೇಳಿದ್ದೇನೆ. ಆ ಬಡಾವಣೆ ಹಾಗೇಕಾಯಿತು ಎಂದು ಹೇಳಿದವರೂ ಇಲ್ಲ, ಕೇಳಿದವರೂ ಇಲ್ಲ. 1930ರ ದಶಕದಲ್ಲಿ ಒಕ್ಕೂಟ ಸರ್ಕಾರದ ಗೃಹಸಾಲ ನಿಗಮ ಅಮೆರಿಕದ ನಗರಗಳಿಗೆ ನಕ್ಷೆ ಮಾಡಿ ಹಸಿರು, ನೀಲಿ, ಹಳದಿ, ಕೆಂಪು ಬಣ್ಣ ಹಚ್ಚಿತು. ಕೆಂಪು ಎಂದರೆ ಸಾಲಕ್ಕೆ ಅಪಾಯ. ಕಪ್ಪು ಜನ ವಾಸಿಸುವ ಕಡೆಗೆಲ್ಲ ಸಾಮಾನ್ಯವಾಗಿ ಕೆಂಪೇ ಬಿತ್ತು. ಸರ್ಕಾರದ ಖಾತರಿಯ ಸಾಲವೂ ಅಂಥ ಕಡೆಗೆ ಹೋಗಲಿಲ್ಲ. ಸಾಲ ಇಲ್ಲದ ಕಡೆ ಮನೆ ದುರಸ್ತಿಯಾಗುವುದಿಲ್ಲ, ಮನೆಯ ಬೆಲೆ ಏರುವುದಿಲ್ಲ. ಶಾಲೆಗೆ ಬರುವ ದುಡ್ಡಿನಲ್ಲಿ ಒಂದು ದೊಡ್ಡ ಪಾಲು ಮನೆ ತೆರಿಗೆಯದು, ಹಾಗಾಗಿ ಶಾಲೆಯೂ ಸೊರಗುತ್ತದೆ. ಎರಡು ತಲೆಮಾರಿನ ಮೇಲೆ ನಾವು ಬಂದು ಕಾರಿನ ಕಿಟಕಿಯಿಂದ ನೋಡಿ, ‘ಈ ಜನರೇ ಹೀಗೆ’ ಎನ್ನುತ್ತೇವೆ.

ಇನ್ನೊಂದು ಮೂಲ ಇದಕ್ಕಿಂತ ಹಳೆಯದು, ನಾವೇ ಪೆಟ್ಟಿಗೆಯಲ್ಲಿ ಹಾಕಿಕೊಂಡು ತಂದದ್ದು. ನಮ್ಮ ಭಾಷೆಯಲ್ಲಿ ಮೈಬಣ್ಣಕ್ಕೆ ಎಷ್ಟು ಮೆಟ್ಟಿಲುಗಳಿವೆ ನೋಡಿ: ಹಾಲಿನಂಥ ಬಿಳುಪು, ಗೋಧಿ ಬಣ್ಣ, ಎಣ್ಣೆಗೆಂಪು. ಅದರ ಕೆಳಗೆ ‘ಸ್ವಲ್ಪ ಕಪ್ಪು, ಆದರೂ ಲಕ್ಷಣವಾಗಿದ್ದಾಳೆ’. ಆ ‘ಆದರೂ’ ಎಂಬ ಮೂರಕ್ಷರವನ್ನು ಹೆಣ್ಣು ನೋಡಲು ಹೋದ ಮನೆಗಳಲ್ಲಿ ಎಷ್ಟು ಸಲ ಕೇಳಿಲ್ಲ? ಆಸ್ಪತ್ರೆಯಲ್ಲಿ ಕೆಲಸ, ಹೆಂಡತಿ ಶಿಕ್ಷಕಿ, ಆದರೂ... ನನ್ನ ಬಾಯಿಂದ ಅಂದು ಹೊರಬಿದ್ದದ್ದು ಅದೇ ‘ಆದರೂ’. ಕನ್ನಡದಲ್ಲಿ ಆಡಿದರೆ ಯಾರಿಗೆ ಗೊತ್ತಾಗುತ್ತದೆ ಎಂಬ ಧೈರ್ಯದಲ್ಲಿ ನಾವು ಅಂಗಡಿಯ ಸಾಲಿನಲ್ಲಿ ನಿಂತು ಏನೇನೋ ಅನ್ನುತ್ತೇವೆ. ಹಿಂದಿನ ಸೀಟಿನ ಮಕ್ಕಳಿಗೆ ಎಲ್ಲವೂ ಗೊತ್ತಾಗುತ್ತದೆ.

ತರಬೇತಿಗೆ ಮುಖ ಗಂಟಿಕ್ಕಿಕೊಂಡೇ ಹೋದೆ. ಕಲಿಸುವವರು ಅರವತ್ತರ ಆಸುಪಾಸಿನ ಕಪ್ಪು ಮಹಿಳೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಎಲ್ಲರಿಗೂ ಒಂದು ಹಾಳೆ ಕೊಟ್ಟು, ಈಚೆಗೆ ನಿಮ್ಮ ಮನೆಗೆ ಊಟಕ್ಕೆ ಬಂದ ಹತ್ತು ಜನರನ್ನು ಬರೆಯಿರಿ ಎಂದರು. ನನ್ನ ಹಾಳೆಯಲ್ಲಿ ಒಂಬತ್ತು ಕನ್ನಡಿಗರು, ಒಬ್ಬರು ತೆಲುಗಿನವರು. ಆ ತೆಲುಗಿನವರನ್ನು ಬರೆಯುವಾಗ ನನ್ನ ವೈಶಾಲ್ಯದ ಬಗ್ಗೆ ಒಂದಿಷ್ಟು ಹೆಮ್ಮೆಯೂ ಆಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಹಾರ್ವರ್ಡ್ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಉಚಿತವಾಗಿ ಸಿಗುವ, ಒಳಗಿನ ಒಲವು ಅಳೆಯುವ ಒಂದು ಪರೀಕ್ಷೆಯ ಬಗ್ಗೆಯೂ ಅವರು ಹೇಳಿದರು. 1998ರಿಂದ ಇದೆ, ಅದನ್ನು ರೂಪಿಸಿದವರಲ್ಲಿ ಸಿಕಂದರಾಬಾದಿನಲ್ಲಿ ಹುಟ್ಟಿದ ಮನಶ್ಶಾಸ್ತ್ರಜ್ಞೆ ಮಹಜರಿನ್ ಬಾನಾಜಿ ಒಬ್ಬರು. ಮುಖಗಳನ್ನು, ಒಳ್ಳೆಯ ಕೆಟ್ಟ ಪದಗಳನ್ನು ಎಷ್ಟು ಬೇಗ ಜೋಡಿಸುತ್ತೀರಿ ಎಂದು ನೋಡುತ್ತದೆ. ನನ್ನ ಫಲಿತಾಂಶ ಬಿಳಿಯರ ಕಡೆಗೆ ವಾಲಿತ್ತು. ಒಬ್ಬ ವ್ಯಕ್ತಿ ನಾಳೆ ಹೇಗೆ ನಡೆದುಕೊಳ್ಳುತ್ತಾನೆ ಎಂದು ಈ ಪರೀಕ್ಷೆಯಿಂದ ಹೇಳಬಹುದೇ ಎಂಬ ಬಗ್ಗೆ ತಜ್ಞರಲ್ಲೇ ಜಗಳ ಇದೆ. ಹಾಗಾಗಿ ಅದನ್ನು ರಕ್ತಪರೀಕ್ಷೆಯ ವರದಿಯಂತೆ ಹಿಡಿದು ಕೊರಗಬೇಡಿ. ಫಲಿತಾಂಶ ಚೆನ್ನಾಗಿ ಬಂದರೆ ಬೀಗಲೂ ಬೇಡಿ.

ಮನಸ್ಸು ತಿಳಿಯಾಗುವವರೆಗೆ ಕಾಯುತ್ತಾ ಕೂರುವುದಕ್ಕಿಂತ ಕೆಲಸಕ್ಕೆ ಬಂದದ್ದು ಒಂದು ಸಣ್ಣ ಶಿಸ್ತು. ಫೋನ್ ರಿಂಗಾಗುವ ಮೊದಲೇ ನಿಯಮ ಬರೆದಿಡಿ. ಆದಾಯ ಬಾಡಿಗೆಯ ಎಷ್ಟು ಪಟ್ಟು ಇರಬೇಕು, ಕ್ರೆಡಿಟ್ ಸ್ಕೋರ್ ಎಷ್ಟು, ಹಿಂದಿನ ಮಾಲೀಕರಿಂದ ಏನು ಕೇಳುತ್ತೀರಿ, ಎಲ್ಲವೂ ಕಾಗದದ ಮೇಲೆ. ಎಲ್ಲರಿಗೂ ಅದೇ ಪ್ರಶ್ನೆ, ಅದೇ ಕ್ರಮ, ಅದೇ ಮಾತು. ಪೂರ್ತಿ ತುಂಬಿದ ಅರ್ಜಿಗಳಲ್ಲಿ ಮೊದಲು ಬಂದ ಅರ್ಹರಿಗೆ ಮನೆ. ಸರ್ಕಾರದ ಬಾಡಿಗೆ ನೆರವಿನ ವೌಚರ್ ತಂದವರನ್ನು ಆ ಕಾರಣಕ್ಕೇ ತಿರಸ್ಕರಿಸುವುದು ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ ಸೇರಿದಂತೆ ಹಲವು ರಾಜ್ಯಗಳಲ್ಲಿ ತಪ್ಪು. ಇದನ್ನು ಓದಿ ‘ಇಷ್ಟೆಲ್ಲ ತಲೆನೋವು ಯಾಕೆ, ಗೆಳೆಯರ ಗೆಳೆಯರಿಗೇ ಕೊಟ್ಟರಾಯಿತು’ ಎನ್ನುವವರಿಗೆ: ನೀವು ಈಗ ಯೋಚಿಸಿದಿರಲ್ಲ, ಬಿಳಿಯರು ತಮ್ಮ ಬಡಾವಣೆಗಳಿಂದ ನಮ್ಮನ್ನು ದಶಕಗಳ ಕಾಲ ಹೊರಗಿಟ್ಟದ್ದೂ ಇದೇ ಉಪಾಯದಿಂದ.

ನಮ್ಮನ್ನೂ ಹೊರಗಿಟ್ಟಿದ್ದರು ಎಂಬುದು ಹೊಸಬರಿಗೆ ಮರೆತೇ ಹೋಗಿರುತ್ತದೆ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ ಸೈನಿಕ ಸುಪ್ರೀಂ ಕೋರ್ಟಿನಲ್ಲಿ ಪೌರತ್ವಕ್ಕಾಗಿ ವಾದಿಸಿದರು. ವಾದ ಏನು ಗೊತ್ತೇ? ನಾನು ಮೇಲ್ಜಾತಿಯವನು, ಆರ್ಯ ಮೂಲದವನು, ಹಾಗಾಗಿ ಬಿಳಿಯರ ಲೆಕ್ಕಕ್ಕೇ ಸೇರಿದವನು ಎಂದು. ನ್ಯಾಯಮೂರ್ತಿಗಳು ಒಮ್ಮತದಿಂದ ಆಗದು ಎಂದರು. ಅದರ ಬೆನ್ನಿಗೆ, ಆಗಲೇ ಪೌರತ್ವ ಪಡೆದಿದ್ದ ಭಾರತೀಯರಿಂದಲೂ ಸರ್ಕಾರ ಅದನ್ನು ಕಿತ್ತುಕೊಳ್ಳತೊಡಗಿತು. ಬಾಗಿಲು ನಿಜವಾಗಿ ತೆರೆದದ್ದು 1965ರ ವಲಸೆ ಕಾಯ್ದೆಯಿಂದ. ಅದಕ್ಕೆ ಹಿಂದಿನ ವರ್ಷದ ನಾಗರಿಕ ಹಕ್ಕುಗಳ ಕಾಯ್ದೆಯ ಗಾಳಿಯೇ ಬಲ ಕೊಟ್ಟಿತು. ಬೀದಿಗಿಳಿದು ಲಾಠಿ, ನಾಯಿ, ನೀರಿನ ಕೊಳವೆ ಎದುರಿಸಿದವರು ಕಪ್ಪು ಜನ, ಆ ಬಾಗಿಲಿನಿಂದ ಸೂಟ್‌ಕೇಸ್ ಹಿಡಿದು ಒಳಗೆ ಬಂದವರು ನಾವು. ಬಂದ ಮೇಲೆ ಅವರಿಗೇ ‘ಮನೆ ಆಗಲೇ ಹೋಯಿತು’ ಎಂದೆ ನಾನು.

ಮನೆ ಕೊಳ್ಳುವವರಿಗೂ ಒಂದು ಮಾತು. ಏಜೆಂಟನ್ನು ‘ಇಲ್ಲಿ ಎಂಥ ಜನ ಇದ್ದಾರೆ? ನಮ್ಮವರು ಹೆಚ್ಚಿದ್ದಾರೆಯೇ?’ ಎಂದು ಕೇಳಿದಾಗ ಆಕೆ ಥಟ್ಟನೆ ಅಡುಗೆಮನೆಯ ಗ್ರಾನೈಟ್ ಬಗ್ಗೆ ಮಾತು ತಿರುಗಿಸಿದರೆ, ಅದು ಅಹಂಕಾರವಲ್ಲ. ಜನಾಂಗ ನೋಡಿ ಗಿರಾಕಿಗಳನ್ನು ಇಂಥ ಬಡಾವಣೆಗೆ ಎಂದು ಅಟ್ಟುವುದನ್ನು ಇಲ್ಲಿ ‘ಸ್ಟೀರಿಂಗ್’ ಎನ್ನುತ್ತಾರೆ. ಅದು ಕಾನೂನುಬಾಹಿರ, ಆಕೆಯ ಪರವಾನಗಿಗೇ ಕುತ್ತು. ಆ ಪ್ರಶ್ನೆ ಕೇಳಬೇಡಿ.

ಇನ್ನೊಂದು ಎಚ್ಚರಿಕೆ, ಇದು ಹಣದ್ದಲ್ಲ, ಪ್ರಾಣದ್ದು. ‘ಯಾರೋ ಅನುಮಾನಾಸ್ಪದ ವ್ಯಕ್ತಿ ಓಡಾಡುತ್ತಿದ್ದಾನೆ’ ಎಂದು ಪೊಲೀಸರಿಗೆ ಫೋನ್ ಮಾಡುವ ಮೊದಲು, ಅವನು ಮಾಡುತ್ತಿರುವುದೇನು ಎಂದು ಒಂದು ವಾಕ್ಯದಲ್ಲಿ ಹೇಳಿಕೊಳ್ಳಿ. ನಡೆಯುತ್ತಿದ್ದಾನೆ ಎಂಬುದಕ್ಕಿಂತ ಹೆಚ್ಚೇನೂ ಸಿಗದಿದ್ದರೆ ಫೋನ್ ಕೆಳಗಿಡಿ. 2015ರ ಫೆಬ್ರವರಿಯಲ್ಲಿ ಅಲಬಾಮಾದ ಮ್ಯಾಡಿಸನ್ ಎಂಬ ಊರಿನಲ್ಲಿ ಯಾರೋ ಹೀಗೆಯೇ ಫೋನ್ ಮಾಡಿ, ತೆಳ್ಳಗಿನ ಕಪ್ಪು ಮನುಷ್ಯನೊಬ್ಬ ಓಡಾಡುತ್ತಿದ್ದಾನೆ ಎಂದರು. ಆ ‘ಕಪ್ಪು ಮನುಷ್ಯ’ ಗುಜರಾತಿನಿಂದ ಮೊಮ್ಮಗುವನ್ನು ನೋಡಿಕೊಳ್ಳಲು ಬಂದಿದ್ದ ಸುರೇಶ್‌ಭಾಯ್ ಪಟೇಲ್. ಬೆಳಗಿನ ವಾಕಿಂಗ್ ಹೊರಟಿದ್ದ ಅಜ್ಜ. ಇಂಗ್ಲಿಷ್ ಬಾರದು. ಪೊಲೀಸ್ ಅಧಿಕಾರಿ ಅವರನ್ನು ನೆಲಕ್ಕೆ ಅಪ್ಪಳಿಸಿದ. ಬೆನ್ನುಹುರಿಗೆ ಪೆಟ್ಟಾಗಿ ಅವರು ಅರೆ ಪಾರ್ಶ್ವವಾಯುವಿಗೆ ತುತ್ತಾದರು. ಎರಡು ಸಲ ವಿಚಾರಣೆ ನಡೆದರೂ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ, ಕೊನೆಗೆ 2016ರಲ್ಲಿ ನ್ಯಾಯಾಧೀಶರು ಆ ಅಧಿಕಾರಿಯನ್ನು ಖುಲಾಸೆ ಮಾಡಿದರು. ಫೋನ್ ಮಾಡಿದವರ ಕಣ್ಣಿಗೆ ನಮ್ಮ ಎಣ್ಣೆಗೆಂಪು, ಗೋಧಿ ಬಣ್ಣಗಳ ಮೆಟ್ಟಿಲು ಕಾಣಿಸಲಿಲ್ಲ. ಬೇಸಿಗೆಗೆ ಬರುವ ನಿಮ್ಮ ಅಪ್ಪನೂ ಬೆಳಿಗ್ಗೆ ಆರಕ್ಕೆ ವಾಕಿಂಗ್ ಹೋಗುತ್ತಾರಲ್ಲವೇ? 2020ರಿಂದ ನ್ಯೂಯಾರ್ಕ್ ರಾಜ್ಯದಲ್ಲಿ, ಅಪರಾಧದ ಶಂಕೆಗೆ ಕಾರಣವೇ ಇಲ್ಲದೆ ಜನಾಂಗದ ಕಾರಣಕ್ಕೆ ಒಬ್ಬರ ಮೇಲೆ ಪೊಲೀಸರನ್ನು ಕರೆಸಿದರೆ, ಕರೆಸಿದವರ ಮೇಲೆಯೇ ದಾವೆ ಹೂಡಬಹುದು.

‘ಸರಿ, ನಾನು ತಪ್ಪು ಮಾಡುವುದಿಲ್ಲ. ಬೇರೆಯವರು ಮಾಡಿದಾಗ ಜೊತೆಗೆ ನಿಲ್ಲುವುದು ಹೇಗೆ?’ ಎಂದು ಆ ಹುಡುಗ ಕೇಳಿದ. ಇಂಥವರನ್ನು ಇಲ್ಲಿ ‘ಆ್ಯಲೈ’ ಎನ್ನುತ್ತಾರೆ. ಕಾರಿಗೆ ಸ್ಟಿಕ್ಕರ್ ಅಂಟಿಸುವವರನ್ನೂ ಹಾಗೇ ಕರೆಯುವುದರಿಂದ ನನಗೆ ಆ ಪದದ ಮೇಲೆ ಅಷ್ಟು ಪ್ರೀತಿಯಿಲ್ಲ. ನನ್ನ ಅನುಭವದಲ್ಲಿ ಹೆಚ್ಚು ಬೆಲೆಬಾಳುವುದು ಸಾಕ್ಷಿ. ನನ್ನ ಹಿಂದಿನ ಕಚೇರಿಯಲ್ಲಿ ಕಪ್ಪು ಸಹೋದ್ಯೋಗಿಯೊಬ್ಬರ ಲೆಕ್ಕಪತ್ರವನ್ನು ಮಾತ್ರ ಮೇಲಧಿಕಾರಿ ಎರಡೆರಡು ಸಲ ತಪಾಸಣೆ ಮಾಡಿಸುತ್ತಿದ್ದ. ಎಲ್ಲರೂ ನೋಡುತ್ತಿದ್ದೆವು. ಮಧ್ಯಾಹ್ನ ಊಟದ ಹೊತ್ತಿಗೆ ಅವರ ಹೆಗಲು ತಟ್ಟಿ ‘ಛೆ, ಅನ್ಯಾಯ’ ಎನ್ನುತ್ತಿದ್ದೆವು. ಅವರು ದೂರು ಕೊಟ್ಟಾಗ ಕೇಳಿದ್ದು ಒಂದೇ: ‘ನೀವು ನೋಡಿದ್ದನ್ನು ದಿನಾಂಕ ಹಾಕಿ ಬರೆದುಕೊಡುತ್ತೀರಾ?’ ಹೆಗಲು ತಟ್ಟಿದ ಕೈಗಳೆಲ್ಲ ಜೇಬಿಗೆ ಹೋದವು.

ಹೆದರಿಕೆ ಸುಳ್ಳಲ್ಲ. ಎಚ್-1ಬಿ ಎಂಬ ಉದ್ಯೋಗ ವೀಸಾದಲ್ಲಿ ಇರುವವರಿಗೆ ಕೆಲಸ ಹೋದರೆ ಬೇರೆ ಕೆಲಸ ಹುಡುಕಿಕೊಳ್ಳಲು ಸಾಮಾನ್ಯವಾಗಿ ಸಿಗುವುದು 60 ದಿನ. ಸಾಕ್ಷಿ ಹೇಳಿದವರ ಮೇಲೆ ಸೇಡು ತೀರಿಸಿಕೊಳ್ಳುವುದು ಕಾನೂನುಬಾಹಿರ ಎಂಬುದು ನಿಜ. ಆ ರಕ್ಷಣೆ ಕೈಗೆ ಸಿಗುವಷ್ಟರಲ್ಲಿ 60 ದಿನ ಮುಗಿದಿರುತ್ತದೆ ಎಂಬುದೂ ನಿಜ. ಹಾಗಾಗಿ ವೀಸಾದಲ್ಲಿ ಇರುವವರಿಗೆ ನಾನು ಧೈರ್ಯದ ಭಾಷಣ ಮಾಡುವುದಿಲ್ಲ. ಕಂಡದ್ದನ್ನು ಕಂಡ ದಿನವೇ ನಿಮ್ಮ ಸ್ವಂತ ಡೈರಿಯಲ್ಲಿ ಬರೆದಿಡಿ: ತಾರೀಖು, ಯಾರು, ಯಾವ ಮಾತು. ತೊಂದರೆಗೊಳಗಾದವರಿಗೆ ‘ನನ್ನ ಹತ್ತಿರ ಬರೆದದ್ದು ಇದೆ’ ಎಂದು ತಿಳಿಸಿ. ಉದ್ಯೋಗದ ತಾರತಮ್ಯಕ್ಕೆ ಒಕ್ಕೂಟದ ಆಯೋಗಕ್ಕೆ ದೂರು ಕೊಡಲು 180 ದಿನ ಮಾತ್ರ ಅವಕಾಶ, ರಾಜ್ಯದಲ್ಲೂ ಅಂಥ ಸಂಸ್ಥೆ ಇದ್ದರೆ 300. ಈ ಗಡುವು ಹೆಚ್ಚಿನವರಿಗೆ ಗೊತ್ತಿಲ್ಲ. ಅದನ್ನು ಹೇಳುವುದೇ ಒಂದು ಸಹಾಯ. ಗ್ರೀನ್ ಕಾರ್ಡ್, ಪೌರತ್ವ ಸಿಕ್ಕವರಿಗೆ ಮಾತ್ರ ನನ್ನಲ್ಲಿ ಅಷ್ಟು ಕರುಣೆ ಇಲ್ಲ. 2017ರಲ್ಲಿ ಕನ್ಸಾಸ್‌ನ ಒಲೇಥಾದ ಬಾರಿನಲ್ಲಿ ‘ನನ್ನ ದೇಶ ಬಿಟ್ಟು ತೊಲಗಿ’ ಎಂದು ಕಿರುಚಿದವನೊಬ್ಬ, ಹೈದರಾಬಾದಿನ ಎಂಜಿನಿಯರ್ ಶ್ರೀನಿವಾಸ ಕೂಚಿಭೊಟ್ಲ ಅವರನ್ನು ಗುಂಡಿಕ್ಕಿ ಕೊಂದಾಗ, ತಡೆಯಲು ಹೋಗಿ ಗುಂಡು ತಿಂದವನು ಅದೇ ಬಾರಿನಲ್ಲಿದ್ದ ಒಬ್ಬ ಬಿಳಿಯ ಗಿರಾಕಿ. ನಮ್ಮನ್ನು ಕೇಳಿದ್ದು ಒಂದು ಹಾಳೆ, ಒಂದು ಸಹಿ. ನಾನು ಆಗ ಪೌರ. ಬರೆದುಕೊಟ್ಟೆ. ಮೇಲಧಿಕಾರಿ ನನ್ನ ಜೊತೆ ಮಾತು ನಿಲ್ಲಿಸಿದ. ಅದರಿಂದ ಕಚೇರಿ ಕೆಲಸ ಸರಾಗವಾಯಿತು ಎಂದೇ ಹೇಳಬೇಕು.

ಯಾವ ದೇಶದ ಪದ್ಧತಿ ವಾಸಿ ಎಂಬ ಚರ್ಚೆ ಇಲ್ಲಿ ಬಂದೇ ಬರುತ್ತದೆ. ನಮ್ಮ ಕಡೆ ಬಾಡಿಗೆ ಮನೆ ಕೇಳಲು ಹೋದರೆ ಮೊದಲ ಪ್ರಶ್ನೆ ‘ನೀವು ಯಾವ ಪೈಕಿ?’ ಉತ್ತರ ಹಿಡಿಸದಿದ್ದರೆ ಮಾಲೀಕರು ಗೇಟಿನ ಹತ್ತಿರವೇ ಕೈ ಮುಗಿಯುತ್ತಾರೆ. ‘ಅಲ್ಲಿ ಮುಖದ ಮೇಲೆ ಹೇಳುತ್ತಾರೆ, ಇಲ್ಲಿ ನಗುತ್ತಾ ಸುಳ್ಳು ಹೇಳುತ್ತಾರೆ, ಅಲ್ಲಿಯದೇ ವಾಸಿ’ ಎನ್ನುವ ಗೆಳೆಯರಿದ್ದಾರೆ. ನಾನು ಒಪ್ಪುವುದಿಲ್ಲ. ಗೇಟಿನಿಂದ ತಿರುಗಿ ಹೋದವನಿಗೆ ಅಲ್ಲಿ ದೂರು ಕೊಡಲು ಹೆಚ್ಚುಕಡಿಮೆ ಬಾಗಿಲೇ ಇಲ್ಲ. ಇಲ್ಲಿ ನಕ್ಕು ಹೇಳಿದ ಸುಳ್ಳಿಗೂ ಲಕೋಟೆ ಬರುತ್ತದೆ. ಆ ಲಕೋಟೆ ನನ್ನ ಮನೆಗೇ ಬಂದಿದ್ದರೂ ಈ ಪದ್ಧತಿಯೇ ವಾಸಿ ಎನ್ನುತ್ತೇನೆ.

ರಾಜಿಯ ದಿನ ಎದುರು ಕಡೆಯ ವಕೀಲೆ ಒಂದು ಸಂಗತಿ ಹೇಳಿದರು. ಟೆಸ್ಟರ್‌ಗಳು ಸುಮ್ಮನೆ ನನ್ನ ಮನೆಗೆ ಫೋನ್ ಮಾಡಿರಲಿಲ್ಲ. ಅದಕ್ಕೆ ಎರಡು ವಾರ ಮೊದಲು, ಇಬ್ಬರು ಮಕ್ಕಳ ತಾಯಿಯೊಬ್ಬರು ನನಗೆ ಫೋನ್ ಮಾಡಿದ್ದರಂತೆ. ಮನೆ ಹೋಯಿತು ಎಂದಿದ್ದೆನಂತೆ. ಮರುದಿನವೂ ಜಾಹೀರಾತು ಹಾಗೇ ಇರುವುದನ್ನು ನೋಡಿ ಆಕೆ ಆ ಸಂಸ್ಥೆಗೆ ತಿಳಿಸಿದ್ದರು. ಆಕೆಗೆ ನಿಜವಾಗಿ ಮನೆ ಬೇಕಿತ್ತು. ದೋಸೆಯ ಬೆಳಗಿನ ಕರೆ ನನಗೆ ಅಕ್ಷರಶಃ ನೆನಪಿದೆ. ಈ ಕರೆ ನೆನಪೇ ಇಲ್ಲ, ಎಷ್ಟು ಯೋಚಿಸಿದರೂ ಇಲ್ಲ.

ಮೂರು ವರ್ಷದ ಷರತ್ತು ಮುಗಿದು ಎಷ್ಟೋ ಕಾಲವಾದರೂ ಕರೆಗಳ ಪುಸ್ತಕವನ್ನು ನಾನು ಬಿಟ್ಟಿಲ್ಲ. ಅದರ ಒಂದು ಹಾಳೆಯ ಫೋಟೋ ತೆಗೆದು ಆ ಹುಡುಗನಿಗೂ ಕಳಿಸಿದೆ. ಐದು ಕಾಲಂ: ತಾರೀಖು ಮತ್ತು ಗಂಟೆ, ಹೆಸರು, ಅವರು ಕೇಳಿದ್ದು, ನಾನು ಹೇಳಿದ್ದು, ಮನೆ ತೋರಿಸಿದ ದಿನ. ‘ಎಲ್ಲಿಯವರು ಎಂದು ಬರೆಯಲು ಜಾಗವೇ ಇಲ್ಲವಲ್ಲ ಸರ್’ ಎಂದು ತಿರುಗಿ ಬರೆದ. ಇಲ್ಲ ಎಂದೆ.